ಹಾಡು ಜಾಸ್ತಿ, ಲೆಕ್ಕ ಕಮ್ಮಿ: ಬೆಂಗಳೂರಿನ ಒಬ್ಬ ಸ್ವತಂತ್ರ ಸಂಗೀತಗಾರ್ತಿಯ ಪ್ರಕರಣ

ಈ ಪ್ರಕರಣದ ಸಂಗೀತಗಾರ್ತಿ ಬೆಂಗಳೂರಿನ ಪಶ್ಚಿಮದ ಒಂದು ಹಳೇ ಬಡಾವಣೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಬರೆಯೋದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮತ್ತು ಆಲ್ಬಂಗಳ ವಿವರ ಬೇಡ ಅಂದಿದ್ದಾರೆ. ಗುರುತು ಸಿಗುವಂಥ ಒಂದೆರಡು ಸಂಗತಿಗಳನ್ನು ನಾನೇ ಬದಲಿಸಿದ್ದೇನೆ. ಬೀದಿಯವರೆಲ್ಲ ಅವರನ್ನು ಟೀಚರ್ ಅಂತಲೇ ಕರೆಯೋದು, ಇಲ್ಲೂ ಹಾಗೇ ಇರಲಿ.

ನನ್ನ ಕೆಲಸ ಇಂಥ ಸಂಗೀತಗಾರರಿಗೆ ಹಕ್ಕು, ಕಾಗದಪತ್ರ, ಬಿಡುಗಡೆಯ ಲೆಕ್ಕಗಳಲ್ಲಿ ನೆರವಾಗುವುದು. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ ಇದೆ. ಸ್ವತಂತ್ರ ಸಂಗೀತಗಾರರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಬಿಡುಗಡೆ ಮಾಡ್ತಾ ಇರಿ, ನಿಲ್ಲಿಸಬೇಡಿ. ಟೀಚರ್ ಅದನ್ನು ಚಾಚೂ ತಪ್ಪದೆ ಮಾಡಿದರು. ತೊಂದರೆ ಶುರುವಾಗಿದ್ದು ಆಮೇಲೆ.

ಹಿನ್ನೆಲೆ

ಟೀಚರ್ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು. ಜೂನಿಯರ್ ಪರೀಕ್ಷೆ ಆಯ್ತು. ಸೀನಿಯರ್‌ಗೆ ಕೂರುವ ಹೊತ್ತಿಗೆ ಬಿ.ಎಡ್., ಮದುವೆ, ಕೆಲಸ ಒಂದರ ಹಿಂದೆ ಒಂದು ಬಂದವು. ಹಾಡು ಅಡುಗೆಮನೆ ಸೇರಿತು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಮೈಸೂರು ರಸ್ತೆ ಕಡೆಯಿಂದ ಹಗಲೂ ರಾತ್ರಿ ಬರುತ್ತಿದ್ದ ಮೊರೆತ ನಿಂತುಹೋಯಿತು. ತಾರಸಿಗೆ ಹೋದರೆ ಕೋಗಿಲೆ, ಕೆಂಬೂತ, ಎಲ್ಲೋ ದೂರದಲ್ಲಿ ಬಿಂದಿಗೆ ಇಟ್ಟ ಸದ್ದು. ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದ ಅಣ್ಣನ ಮಗನ ಹತ್ತಿರ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇತ್ತು. ಇಸ್ಕೊಂಡರು. ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇದ್ದೇ ಇತ್ತು. (ಈ ಸಾಧನ ಹುಟ್ಟಿದ್ದು ನಮ್ಮ ಊರಲ್ಲೇ. ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಮಾಡಿದ್ದು.) ಅದರ ಶ್ರುತಿಯನ್ನು ರೆಕಾರ್ಡ್ ಮಾಡಿ, ರೀಪರ್ ಎಂಬ ತಂತ್ರಾಂಶದಲ್ಲಿ ಹಾಕಿ, ವೇಗ ಇಳಿಸಿ, ಒಂದು ಸ್ಥಾಯಿ ಕೆಳಗೆ ತಂದರು. ಅದರ ಮೇಲೆ ತಾರಸಿಯ ಸದ್ದು, ನಡುವೆ ಎಲ್ಲೋ ಒಂದು ಆಲಾಪದ ಎಳೆ. ಹೀಗೆ ಮೊದಲ ಆ್ಯಂಬಿಯೆಂಟ್ ಆಲ್ಬಂ ಆಯಿತು.

ಆ್ಯಂಬಿಯೆಂಟ್ ಅಂದರೆ ತಾಳ, ಪಲ್ಲವಿ ಅಂತ ನಮ್ಮನ್ನು ಎಳೆಯದ ಸಂಗೀತ. ಕೋಣೆಯಲ್ಲಿ ಬೆಳಕು ಇರುತ್ತಲ್ಲ, ಹಾಗೆ ಸುಮ್ನೆ ಇರುತ್ತದೆ. ಬ್ರಿಟನ್ನಿನ ಬ್ರಯನ್ ಈನೋ 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಮಾಡಿದ ಆಲ್ಬಂನಿಂದ ಈ ಹೆಸರು ಗಟ್ಟಿಯಾಗಿ ನಿಂತಿತು. ಟೀಚರ್‌ಗೆ ಅದೆಲ್ಲ ಆಮೇಲೆ ಗೊತ್ತಾಗಿದ್ದು. ತಂಬೂರಿ ಕೇಳಿ ಬೆಳೆದವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇದರ ಜೊತೆಗೆ ಹಾಡುಗಳೂ ಇದ್ದವು. ಅಕ್ಕಮಹಾದೇವಿಯ ವಚನಗಳಿಗೆ, ಶಿಶುನಾಳ ಶರೀಫರ ತತ್ವಪದಗಳಿಗೆ ತಮ್ಮದೇ ರಾಗ ಹಾಕಿ ಹಾಡಿದರು. ಅದೇ ಶಾಲೆಯ ಕನ್ನಡ ಮೇಷ್ಟ್ರು ಬರೆದ ಕವನಗಳನ್ನೂ ಹಾಡಿದರು. ವಾರಕ್ಕೊಂದು ಬಿಡುಗಡೆ ಅಂತ ಅವರಿಗೆ ಅವರೇ ನಿಯಮ ಹಾಕಿಕೊಂಡರು. 2021ರ ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ ಆಗಿದ್ದವು. ಕೇಳುಗರು ಕಮ್ಮಿ, ಆದರೆ ಇದ್ದವರು ಗಟ್ಟಿ. ಜಪಾನಿನಿಂದ ಒಬ್ಬರು ಪ್ರತಿ ಆಲ್ಬಂ ಕೊಳ್ಳುತ್ತಿದ್ದರು.

ಎಲ್ಲಾ ಮಾಯ

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ನಂಥ ಕಡೆಗೆ ಸಂಗೀತಗಾರರು ಹಾಡನ್ನು ಸಾಮಾನ್ಯವಾಗಿ ವಿತರಣಾ ಸಂಸ್ಥೆಯ ಮೂಲಕವೇ ಕಳಿಸಬೇಕು. ಕೆಲವು ಸಂಸ್ಥೆಗಳು ಆಲ್ಬಂಗೆ ಇಷ್ಟು ಅಂತ ಒಂದೇ ಸಲ ದುಡ್ಡು ತೆಗೆದುಕೊಂಡು, ಬಂದ ಆದಾಯದಲ್ಲಿ ಪಾಲು ಹಿಡಿಯುತ್ತವೆ. ಇನ್ನು ಕೆಲವು ವರ್ಷದ ಚಂದಾ ತೆಗೆದುಕೊಂಡು ಎಷ್ಟು ಬೇಕಾದರೂ ಹಾಕಿಕೊಳ್ಳಿ ಅನ್ನುತ್ತವೆ. ವಾರಕ್ಕೊಂದು ಬಿಡುಗಡೆ ಮಾಡುವವರಿಗೆ ಎರಡನೆಯದೇ ಅಗ್ಗ. ಟೀಚರ್ ಅದನ್ನೇ ಆರಿಸಿದರು. ಲೆಕ್ಕ ಸರಿಯಾಗೇ ಇತ್ತು. ಚಂದಾ ನಿಂತರೆ ಹಾಡುಗಳೂ ಇಳಿಯುತ್ತವೆ ಅನ್ನುವ ಸಾಲು ಮಾತ್ರ ಷರತ್ತುಗಳ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು.

2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. ಕಾರ್ಡಿನಿಂದ ತಾನಾಗೇ ಕಟ್ ಆಗುವ ಚಂದಾಗಳಿಗೆ ಗ್ರಾಹಕರ ಒಪ್ಪಿಗೆಯನ್ನು ಬ್ಯಾಂಕಿನಲ್ಲಿ ಹೊಸದಾಗಿ ನೋಂದಾಯಿಸಬೇಕಿತ್ತು. ಒಳ್ಳೆಯ ನಿಯಮವೇ. ಆದರೆ ಹೊರದೇಶದ ಎಷ್ಟೋ ಕಂಪನಿಗಳು ಅದಕ್ಕೆ ತಯಾರಿರಲಿಲ್ಲ. ಚಂದಾ ಕಟ್ಟುವ ಪ್ರಯತ್ನಗಳು ಸಾಲುಸಾಲಾಗಿ ಬಿದ್ದುಹೋದವು. ಟೀಚರ್ ಅವರದೂ ಬಿತ್ತು. ಸಂಸ್ಥೆಯಿಂದ ಮೇಲ್ ಬಂದಿದ್ದವು, ಸೀರೆ ಅಂಗಡಿಯ ರಿಯಾಯಿತಿ ಮೇಲ್‌ಗಳ ನಡುವೆ ಪ್ರಮೋಷನ್ಸ್ ಟ್ಯಾಬ್‌ನಲ್ಲಿ ಕೂತಿದ್ದವು.

ಜನವರಿಯ ಒಂದು ದಿನ ಅಣ್ಣನ ಮಗ ಕೆಳಗಿಳಿದು ಬಂದು ಕೇಳಿದ: "ಅತ್ತೆ, ನಿನ್ನ ಹಾಡೆಲ್ಲ ಎಲ್ಲಿ ಹೋಯ್ತು? ಹುಡುಕಿದ್ರೆ ಒಂದೂ ಬರ್ತಿಲ್ಲ."

"ನೆಟ್ ಇಲ್ವೇನೋ ನೋಡು."

ನೆಟ್ ಇತ್ತು. ಹಾಡು ಇರಲಿಲ್ಲ.

ಮೊದಲು ಮಾಡಿದ್ದೇನು

ಟೀಚರ್ ಸಿಟ್ಟಿನಲ್ಲಿ ಬೇರೆ ವಿತರಣಾ ಸಂಸ್ಥೆಯಲ್ಲಿ ಖಾತೆ ತೆರೆದು, ದಿನಾ ಸಂಜೆ ಕೂತು ಮೊದಲಿನಿಂದ ಹಾಡು ಏರಿಸತೊಡಗಿದರು. ಸುಮಾರು ಅರ್ಧ ಆದ ಮೇಲೆ, ಹಳೇ ಹಾಡುಗಳ ಕೇಳುಗರ ಎಣಿಕೆ ಸೊನ್ನೆಯಿಂದ ಶುರುವಾಗಿದ್ದು ನೋಡಿ ನನಗೆ ಫೋನ್ ಮಾಡಿದರು.

ಕಾರಣ ಐಎಸ್‌ಆರ್‌ಸಿ. ಪ್ರತಿ ಧ್ವನಿಮುದ್ರಣಕ್ಕೆ ಇರುವ 12 ಅಕ್ಷರ-ಅಂಕಿಗಳ ಕೋಡ್ ಇದು. ನೀವೇ ಕೊಡದಿದ್ದರೆ ವಿತರಣಾ ಸಂಸ್ಥೆಯೇ ಒಂದು ಹೊಸದು ಹಾಕಿಬಿಡುತ್ತದೆ. ಅದೇ ಹಾಡು, ಅದೇ ಆಡಿಯೊ, ಅದೇ ಹಳೇ ಕೋಡ್ ಆದರೆ ಸಾಮಾನ್ಯವಾಗಿ ಹಳೇ ಎಣಿಕೆ ಬಂದು ಜೋಡಿಕೊಳ್ಳುತ್ತದೆ. ಕೋಡ್ ಬೇರೆ ಆದರೆ ಅದು ಬೇರೆಯೇ ಧ್ವನಿಮುದ್ರಣ ಅಂತ ಲೆಕ್ಕ. ಟೀಚರ್ ಆ ಕಾಲಂ ಅನ್ನು ಖಾಲಿ ಬಿಟ್ಟಿದ್ದರು. ತುಂಬಲೇಬೇಕಾದ ಕಾಲಂ ಅಲ್ಲ ಅಂತ ಅಲ್ಲಿ ಬರೆದಿತ್ತು, ಯಾರಾದರೂ ಖಾಲಿ ಬಿಡುತ್ತಾರೆ.

ಏರಿಸೋದನ್ನು ಅಲ್ಲಿಗೇ ನಿಲ್ಲಿಸೋಣ ಅಂದೆ. ಅವರಿಗೆ ಇಷ್ಟ ಇರಲಿಲ್ಲ. "ಅಲ್ಲಾ ರೀ, ಅಂಗಡಿ ಬಾಗಿಲು ಹಾಕಿದೆ, ನೀವು ಲೆಕ್ಕ ಬರೀರಿ ಅಂತೀರಲ್ಲ" ಅಂದರು. ಆದರೂ ನಿಲ್ಲಿಸಿದರು. ಈ ಪ್ರಕರಣದ ಮೊದಲ ತಿರುವು ಇದು. ಹಳೇ ಸಂಸ್ಥೆಯ ಖಾತೆ ಮುಚ್ಚಿದ್ದರೂ ತಿಂಗಳ ಆದಾಯದ ವರದಿಗಳನ್ನು ಆಗಾಗ ಇಳಿಸಿಕೊಂಡಿದ್ದರು. ಆ ಫೈಲುಗಳಲ್ಲಿ ಪ್ರತಿ ಹಾಡಿನ ಮುಂದೆ ಕೋಡ್ ಇತ್ತು. ಬಿಡಿಗಾಸಿನ ಲೆಕ್ಕದ ಆ ವರದಿಗಳೇ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದವು.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಟೀಚರ್ ಎಷ್ಟೋ ಮೂಲ ವೇವ್ ಫೈಲುಗಳನ್ನು (ಸದ್ದು ಪೂರ್ತಿ ಇರುವಂಥವು) ಅಳಿಸಿ, ಗಾತ್ರ ಕುಗ್ಗಿಸಿದ ಎಂಪಿ3 ಮಾತ್ರ ಉಳಿಸಿಕೊಂಡಿದ್ದರು. ಎಂಪಿ3 ಅನ್ನು ಮತ್ತೆ ವೇವ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ, ಕಳೆದುಹೋದ ಸದ್ದು ವಾಪಸ್ ಬರುವುದಿಲ್ಲ. ಆ್ಯಂಬಿಯೆಂಟ್‌ನಲ್ಲಿ ಇದು ಕಿವಿಗೆ ಹೊಡೆದು ಕಾಣುತ್ತದೆ. ತಂಬೂರಿಯ ನಾದ ನಿಧಾನವಾಗಿ ಇಳಿದು ಮುಗಿಯುವ ಕಡೆ ನೀರೊಳಗೆ ಮಾತಾಡಿದ ಹಾಗೆ ಒಂಥರಾ ಗುಳುಗುಳು ಬರುತ್ತದೆ.

ಇಲ್ಲಿ ಕಾಪಾಡಿದ್ದು ಬ್ಯಾಂಡ್‌ಕ್ಯಾಂಪ್, ಸಂಗೀತಗಾರರು ಕೇಳುಗರಿಗೆ ನೇರವಾಗಿ ಆಲ್ಬಂ ಮಾರುವ ತಾಣ. ಅಲ್ಲಿ ಹಾಡು ಏರಿಸುವಾಗ ಗುಣಮಟ್ಟ ಕುಗ್ಗಿಸದ ಫೈಲನ್ನೇ ಕೊಡಬೇಕು, ಎಂಪಿ3 ನಡೆಯೋದಿಲ್ಲ. ಕೊಂಡವರಿಗೆ ವೇವ್ ಅಥವಾ ಫ್ಲ್ಯಾಕ್‌ನಲ್ಲೇ ಇಳಿಸಿಕೊಳ್ಳುವ ಅವಕಾಶವೂ ಇದೆ. ಹಾಗಾಗಿ ಬ್ಯಾಂಡ್‌ಕ್ಯಾಂಪ್‌ನಲ್ಲಿದ್ದ ಎಲ್ಲಾ ಆಲ್ಬಂಗಳ ಮೂಲ ಫೈಲುಗಳು ಹಾಗೇ ಸಿಕ್ಕವು. ಅಲ್ಲಿ ಹಾಕಿರದ ಕೆಲವು ಹಾಡುಗಳು ಹೋದವು. ಅವನ್ನು ಮತ್ತೆ ಹಾಡುವ ಯೋಚನೆ ಬಂತು. ಎರಡು ಹಾಡಿ ನೋಡಿ, "ಆ ಗಂಟಲು ಈಗಿಲ್ಲ, ಬಿಡಿ" ಅಂದರು.

ಲೆಕ್ಕದ ಹಾಳೆ ಮಾಡುವಾಗ ಟೀಚರ್ ಒಳಗಿನ ಮೇಷ್ಟ್ರು ಎದ್ದು ಬಂದರು. ಕನ್ನಡದ ಹೆಸರು, ಅದರ ಇಂಗ್ಲಿಷ್ ಸ್ಪೆಲಿಂಗ್, ಐಎಸ್‌ಆರ್‌ಸಿ, ಆಲ್ಬಂನ ಯುಪಿಸಿ (ಇಡೀ ಆಲ್ಬಂಗೆ ಇರುವ ಕೋಡ್), ಬಿಡುಗಡೆಯ ದಿನ, ಸಾಹಿತ್ಯ ಯಾರದು, ರಾಗ ಯಾರದು, ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಸುತ್ತುವ ತುಣುಕು (ಲೂಪ್) ಎಲ್ಲಿಂದ ಬಂತು, ವೇವ್ ಫೈಲ್ ಯಾವ ಡಿಸ್ಕಿನಲ್ಲಿದೆ. ಒಂದೊಂದಕ್ಕೂ ಒಂದು ಕಾಲಂ. ತುಂಬುತ್ತಾ ಹೋದ ಹಾಗೆ ಹುಳುಕು ಹೊರಬಿತ್ತು. ಒಂದೇ ಶಬ್ದಕ್ಕೆ ಬೇರೆ ಬೇರೆ ಆಲ್ಬಂನಲ್ಲಿ ಮೂರು ಥರದ ಸ್ಪೆಲಿಂಗ್. ಒಂದು ಹಾಡು ಎರಡು ಕಡೆ ಎರಡು ಹೆಸರಲ್ಲಿ. ಬೇಸಿಗೆ ರಜೆ ಪೂರ್ತಿ ಇದಕ್ಕೇ ಹೋಯಿತು.

ಪಕ್ಕದ ಮನೆ ರೇಡಿಯೊ

ಹಾಳೆ ಮುಗಿಯೋ ಹೊತ್ತಿಗೆ ಒಂದು ನಾಟಕ ತಂಡದವರು ಬಂದರು. ಒಂದು ಮಳೆಯ ಆ್ಯಂಬಿಯೆಂಟ್ ತುಣುಕು ಮತ್ತು ಮೇಷ್ಟ್ರ ಕವನದ ಒಂದು ಹಾಡು ನಾಟಕಕ್ಕೆ ಬೇಕು, ಮುಂದೆ ಯೂಟ್ಯೂಬ್‌ಗೂ ಹಾಕುತ್ತೇವೆ ಅಂದರು. ದುಡ್ಡು ಕೊಡಲು ತಯಾರಿದ್ದರು. ಒಂದೇ ಪ್ರಶ್ನೆ: "ಇದರ ಹಕ್ಕೆಲ್ಲ ನಿಮ್ಮದೇ ತಾನೆ, ಮೇಡಂ?"

ಮಳೆಯ ತುಣುಕನ್ನು ನಾವಿಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆವು. ಶೀಟಿನ ಮೇಲೆ ಬೀಳುವ ಜೋರು ಮಳೆ. ಸ್ವಲ್ಪ ಹೊತ್ತಿಗೆ ಮಳೆ ಇಳಿಯುತ್ತದೆ. ಒಂದು ಕುಕ್ಕರ್ ಸೀಟಿ. ಆಮೇಲೆ ಹನಿಗಳ ನಡುವೆ, ತುಂಬಾ ಸಣ್ಣದಾಗಿ, ಪಕ್ಕದ ಮನೆಯ ರೇಡಿಯೊದಲ್ಲಿ ಹಳೇ ಸಿನಿಮಾ ಹಾಡು. ಮುಕ್ಕಾಲು ನಿಮಿಷ ಇರಬಹುದು. ಇಡೀ ಆಲ್ಬಂನಲ್ಲಿ ಅದೇ ಚೆಂದದ ಜಾಗ. ಅದೇ ತೊಂದರೆಯ ಜಾಗವೂ ಹೌದು. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ ಬಿಡುಗಡೆಯ ನಂತರ 60 ವರ್ಷ ಇರುತ್ತದೆ. ಬೇರೆಯವರ ಹಕ್ಕಿನ ಸಂಗೀತವನ್ನು ತಾನಾಗೇ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಇಂಥದ್ದನ್ನು ಹಿಡಿಯುತ್ತದೆ. ಖಾಸಗಿಯಾಗಿ ಏರಿಸಿ ನೋಡಿದೆವು. ಮಳೆಯ ಹಿಂದಿದ್ದರೂ ಹಿಡಿಯಿತು, ಹಾಡಿನ ಹಕ್ಕುದಾರರ ಕ್ಲೇಮ್ ಬಂತು.

ಟೀಚರ್ ಒಂದು ವಾರ ಯೋಚಿಸಿದರು. ಆ ಭಾಗವನ್ನು ಕತ್ತರಿಸಿ ಎರಡು ತುದಿ ಸೇರಿಸಿದರೆ ಮಳೆ ಜೋರಿನಿಂದ ನೇರವಾಗಿ ನಿಂತಂತೆ ಕೇಳಿಸುತ್ತಿತ್ತು. ಕೊನೆಗೆ ಮುಂದಿನ ಮುಂಗಾರಿನಲ್ಲಿ ಅದೇ ಶೀಟಿನ ಕೆಳಗೆ ಹೊಸ ಮಳೆ ರೆಕಾರ್ಡ್ ಮಾಡಿ, ಆ ಜಾಗಕ್ಕೆ ಅದನ್ನು ಕೂಡಿಸಿದರು. ಹಳೇದು ಮನೆಯವರು ಕೇಳೋದಕ್ಕೆ ಡಿಸ್ಕಿನಲ್ಲಿ ಉಳಿದಿದೆ. ಆದರೆ ನಾಟಕ ಅಷ್ಟು ದಿನ ಕಾಯಲಿಲ್ಲ. ಬೇರೆಯವರ ಸಂಗೀತ ಹಾಕಿಕೊಂಡು ಪ್ರದರ್ಶನ ಮುಗಿಸಿದರು.

ಮೇಷ್ಟ್ರ ಹಾಡೂ ಆಗ ಕೈತಪ್ಪಿತು. ಕವನ ಹಾಡಲು ಅವರು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ "ಹಾಡ್ಕೊಳಿ, ಅದಕ್ಕೇನು" ಅಂದಿದ್ದರು. ಅಷ್ಟೇ ಒಪ್ಪಂದ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆ ಭಾವಿಸುತ್ತದೆ. ಇಡೀ ಜಗತ್ತಿಗೆ ಹೋಗುವ ಹಾಡಿಗೆ ಇದು ಸಾಲುವುದಿಲ್ಲ.

ನಾವು ಹಕ್ಕಿನ ವರ್ಗಾವಣೆಗೆ ಹೋಗಲೇ ಇಲ್ಲ. ಸಾಹಿತ್ಯದ ಹಕ್ಕು ಮೇಷ್ಟ್ರದೇ ಇರಲಿ, ಹಾಡಿ ಬಿಡುಗಡೆ ಮಾಡುವ ಪರವಾನಗಿ ಮಾತ್ರ ಸಾಕು ಅಂತ ಒಂದು ಪುಟದ ಕನ್ನಡ ಪತ್ರ ಮಾಡಿದೆವು. ಯಾವ ಕವನಗಳು, ಯಾವ ದೇಶಗಳು, ಎಷ್ಟು ವರ್ಷ, ಬಂದದ್ದರಲ್ಲಿ ಯಾರಿಗೆ ಎಷ್ಟು ಪಾಲು, ನಾಟಕ-ಸಿನಿಮಾದವರು ಕೇಳಿದರೆ ಯಾರನ್ನು ಕೇಳಬೇಕು. ಪತ್ರ ನೋಡಿ ಮೇಷ್ಟ್ರಿಗೆ ಮೊದಲು ಬೇಜಾರಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ ಟೀಚರ್?" ಟೀಚರ್ ಉತ್ತರ ಚೆನ್ನಾಗಿತ್ತು: "ನಿಮ್ಮ ಮೇಲಿದೆ ಸರ್. ನಾಳೆ ನಿಮ್ಮ ಮಕ್ಕಳು, ನನ್ನ ಅಣ್ಣನ ಮಗ ಇದನ್ನು ನೋಡ್ತಾರೆ. ಅವರು ಒಬ್ಬರಿಗೊಬ್ಬರು ಯಾರು ಅಂತಾನೇ ಗೊತ್ತಿಲ್ಲ." ಸಹಿ ಬಿತ್ತು. ಆಮೇಲೆ ಇಬ್ಬರೂ ಐಪಿಆರ್‌ಎಸ್ ಸದಸ್ಯರಾಗಲು ಅರ್ಜಿ ಹಾಕಿದರು. ಸಾಹಿತಿ ಮತ್ತು ರಾಗ ಸಂಯೋಜಕರ ಪಾಲನ್ನು ಸಂಗ್ರಹಿಸಿ ಹಂಚುವ ಸಂಘ ಅದು, 1969ರಿಂದ ಇದೆ.

ವಚನ, ತತ್ವಪದಗಳ ವಿಚಾರದಲ್ಲಿ ಚಿಂತೆ ಇರಲಿಲ್ಲ. ಹನ್ನೆರಡನೇ ಶತಮಾನದ ಅಕ್ಕನಿಗಾಗಲಿ, 1889ರಲ್ಲಿ ತೀರಿಕೊಂಡ ಶರೀಫರಿಗಾಗಲಿ ಕೃತಿಸ್ವಾಮ್ಯ ಅನ್ವಯಿಸುವುದಿಲ್ಲ. ಜನಕ್ಕೆ ಗೊತ್ತಿರುವ ಜನಪ್ರಿಯ ಧಾಟಿ ಮಾತ್ರ ಬೇರೆ ಮಾತು. ಅದನ್ನು ಮಾಡಿದ ಸಂಯೋಜಕರಿಗೆ ಅದರ ಹಕ್ಕು ಇರುತ್ತದೆ. ಟೀಚರ್ ತಮ್ಮದೇ ರಾಗ ಹಾಕಿದ್ದರಿಂದ ಬಚಾವಾದರು.

ದುಡ್ಡಿನ ಮಾತು

ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ನಲವತ್ತು ನಿಮಿಷದ ತುಣುಕನ್ನು ಪೂರ್ತಿ ಕೇಳಿದರೂ ಒಂದೇ ಎಣಿಕೆ. ಇದನ್ನು ತಿಳಿದ ಅಣ್ಣನ ಮಗ, "ಕತ್ತರಿಸಿ ಹಾಕು ಅತ್ತೆ" ಅಂದ. ಒಂದು ಉದ್ದದ ತುಣುಕನ್ನು ಎರಡೆರಡು ನಿಮಿಷದ ಚೂರು ಮಾಡಿ ಹಾಕಿದರು. ಎಣಿಕೆ ಒಂದಿಷ್ಟು ಏರಿತು. ಆದರೆ ಷಫಲ್‌ನಲ್ಲಿ ಕೇಳಿದವರಿಗೆ ಶ್ರುತಿಯ ತುಂಡುಗಳು ಸಿಕ್ಕಸಿಕ್ಕ ಕಡೆ ಶುರುವಾಗಿ ನಿಲ್ಲುತ್ತಿದ್ದವು. ಹಳೆಯ ಕೇಳುಗರು ಬರೆದು ಬೈದರು.

2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂತು: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಟ್ರ್ಯಾಕಿಗೆ ರಾಯಲ್ಟಿ ಇಲ್ಲ. ಚೂರುಗಳಿಗೆ ಇದು ನೇರ ಏಟು. ಕೇಳುಗರು ನೂರಾರು ಟ್ರ್ಯಾಕಿನ ಮೇಲೆ ಹಂಚಿಹೋದರೆ ಯಾವುದೂ ಸಾವಿರ ಮುಟ್ಟುವುದಿಲ್ಲ. ತುಂಬಾ ಬಿಡುಗಡೆ ಮಾಡುವವರಿಗೆ ಈ ನಿಯಮ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ನಿಯಮ ನಿಯಮವೇ. ಟೀಚರ್ ಚೂರುಗಳನ್ನು ತೆಗೆದು ಪೂರ್ತಿ ತುಣುಕನ್ನು ವಾಪಸ್ ಹಾಕಿದರು. ಅಲ್ಲಿಂದ ದುಡ್ಡು ಬರುತ್ತದೆ ಅನ್ನುವ ಆಸೆಯನ್ನೂ ತೆಗೆದರು. ಬಿಡುಗಡೆ ತಿಂಗಳಿಗೊಂದಾಯಿತು. ಮೊದಲು ರಾತ್ರಿ ಏರಿಸಿ ಬೆಳಿಗ್ಗೆಯೇ ಬಿಡುತ್ತಿದ್ದರು. ಸ್ಪಾಟಿಫೈನಲ್ಲಿ ಹಾಡುಗಳ ಪಟ್ಟಿ ಮಾಡುವ ಪ್ಲೇಲಿಸ್ಟ್ ಸಂಪಾದಕರ ಮುಂದಿಡಬೇಕಾದರೆ ಕನಿಷ್ಠ ಏಳು ದಿನ ಮೊದಲೇ ಕಳಿಸಿರಬೇಕು. ಈಗ ತಿಂಗಳ ಮೊದಲೇ ಕಳಿಸುತ್ತಾರೆ.

ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15% ಹಿಡಿದು ಉಳಿದಿದ್ದನ್ನು ಪಾವತಿ ಶುಲ್ಕ ಕಳೆದು ಕೊಡುತ್ತದೆ. ಅಲ್ಲಿ ಬೇರೆ ಥರದ ಗೋಳು. ಹಣ ಬರುವುದು ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ. 2021ರ ಏಪ್ರಿಲ್‌ನಿಂದ ಪೇಪಾಲ್ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ. ಜಪಾನಿನವರು ಆರಾಮಾಗಿ ಕೊಳ್ಳುತ್ತಾರೆ, ಜಯನಗರದವರಿಗೆ ಆಗುವುದಿಲ್ಲ! ಇದಕ್ಕೆ ಟೀಚರ್ ಕಂಡುಕೊಂಡ ದಾರಿ ಸರಳ. ಬ್ಯಾಂಡ್‌ಕ್ಯಾಂಪ್ ಡೌನ್‌ಲೋಡ್ ಕೋಡ್‌ಗಳನ್ನು ಕೊಡುತ್ತದೆ. ಅವನ್ನು ಬಸ್ ಟಿಕೆಟ್ ಗಾತ್ರದ ಚೀಟಿಯಲ್ಲಿ ಅಚ್ಚು ಹಾಕಿಸಿ, ಮನೆಗಳಲ್ಲಿ ನಡೆಯುವ ಸಂಗೀತ ಕಛೇರಿಗಳಲ್ಲಿ ಯುಪಿಐ ಕ್ಯೂಆರ್ ಪಕ್ಕ ಇಟ್ಟರು. ದುಡ್ಡು ಸ್ಕ್ಯಾನ್ ಮಾಡಿ, ಚೀಟಿ ತಗೊಂಡು ಹೋಗಿ. ಒಂದು ಸಂಜೆ ಮೂವತ್ತು ಜನ ಕೂತರೂ ಒಂದು ವರ್ಷದ ಸ್ಟ್ರೀಮಿಂಗ್‌ಗಿಂತ ಜಾಸ್ತಿ ಬಂತು ಅಂತ ಅವರೇ ಹೇಳಿದ್ದು.

ಎರಡು ಹೆಸರು

ಹಾಡಿಗೆ ಬಂದವರಿಗೆ ಮುಂದಿನ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ತಂಬೂರಿ ಕೇಳಿಸುತ್ತಿತ್ತು. ಆ್ಯಂಬಿಯೆಂಟ್ ಹಾಕಿ ಮಲಗಿದವರಿಗೆ ನಡುರಾತ್ರಿ ತತ್ವಪದ. ಹಾಗಾಗಿ 2023ರಲ್ಲಿ ಆ್ಯಂಬಿಯೆಂಟ್‌ಗೆ ಅಂತ ಟೀಚರ್ ತಮಗೆ ಬೇರೆಯೇ ಒಂದು ಹೆಸರು ಇಟ್ಟುಕೊಂಡರು. ಹಾಡುಗಳು ಸ್ವಂತ ಹೆಸರಲ್ಲಿ ಉಳಿದವು.

ಈ ನಿರ್ಧಾರಕ್ಕೆ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ಕೇಳುಗರ ಗೊಂದಲ ಹೋಯಿತು, ನಿಜ. ಆದರೆ ಎರಡು ಪುಟ, ಎರಡು ಪಟ್ಟು ಕೆಲಸ. ವಚನ ಕೇಳಿ ಹಾಗೇ ತಂಬೂರಿಗೆ ಜಾರಿದ ಕೆಲವರು ಇದ್ದರಲ್ಲ, ಅವರಿಗೆ ಈಗ ಆ ದಾರಿ ಕಾಣುವುದಿಲ್ಲ. ಟೀಚರ್ ಹೇಳೋದು: ಅಂಥವರು ನಾಲ್ಕು ಜನ, ಅವರಿಗೆ ನಾನೇ ವಾಟ್ಸಾಪ್ ಮಾಡ್ತೀನಿ.

ಈಗ

ಕಳೆದ ವರ್ಷ ಒಬ್ಬ ನೃತ್ಯ ಸಂಯೋಜಕಿ ಮಳೆಯ ತುಣುಕು ಬೇಕು ಅಂತ ಕೇಳಿದರು. ಅದೇ ಸಂಜೆ ವೇವ್ ಫೈಲ್, ಕೋಡ್, ಹಕ್ಕಿನ ಪತ್ರ ಮೂರೂ ಹೋದವು. ಕೆಲಸ ಸಿಕ್ಕಿತು. ಚಂದಾ ಕಟ್ಟುವ ದಿನ ಅಣ್ಣನ ಮಗನ ಫೋನಿನಲ್ಲೂ ಅಲಾರಂ ಹೊಡೆಯುತ್ತದೆ. ಹಳೇ ಆಲ್ಬಂಗಳನ್ನು ಚಂದಾ ಇಲ್ಲದೆಯೂ ಉಳಿಯುವಂತೆ ಒಂದೇ ಸಲ ದುಡ್ಡು ಕಟ್ಟುವ ವಿತರಣೆಗೆ ನಿಧಾನವಾಗಿ ಸಾಗಿಸುತ್ತಿದ್ದಾರೆ. ಕೋಡ್ ಅವೇ.

ಬಗೆಹರಿಯದೆ ಉಳಿದದ್ದು ಒಂದಿದೆ. ಬೇಂದ್ರೆಯವರ ಒಂದು ಕವನಕ್ಕೆ ಟೀಚರ್ ರಾಗ ಹಾಕಿದ್ದಾರೆ. ಅವರು ಮಾಡಿದ್ದರಲ್ಲಿ ಅತಿ ಒಳ್ಳೆಯದು ಅದೇ ಅಂತ ಕೇಳಿದವರೆಲ್ಲ ಹೇಳುತ್ತಾರೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ. ಲೇಖಕರ ಕಾಲಾನಂತರ 60 ವರ್ಷ ಹಕ್ಕು ಇರುವುದರಿಂದ 2041ರ ಕೊನೆಯವರೆಗೆ ಅನುಮತಿ ಬೇಕು. ಮೊದಲಾಗಿದ್ದರೆ ಅದೇ ರಾತ್ರಿ ಏರಿಸಿಬಿಡುತ್ತಿದ್ದರು. ಈಗ ಹಾಳೆಯಲ್ಲಿ ಅದರ ಸಾಲು ಇದೆ, ಅನುಮತಿಯ ಕಾಲಂ ಖಾಲಿ ಇದೆ, ಹಕ್ಕುದಾರರಿಗೆ ಬರೆಯಬೇಕಾದ ಪತ್ರದ ಕರಡು ನನ್ನ ಟೇಬಲ್ ಮೇಲಿದೆ.